ಆತ್ಮಸಾಕ್ಷಿಯ ಮೇಲೆ ಯಾರ ಅಧಿಕಾರ?

ದೇವರನ್ನು ಹೇಗೆ ನಂಬಬೇಕು, ಹೇಗೆ ಆರಾಧಿಸಬೇಕು ಎಂದು ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕೆ ಉಂಟೇ ಎಂಬ ಪ್ರಶ್ನೆಗೆ ಅಮೆರಿಕದ ಆರಂಭಕಾಲದಲ್ಲಿ ತದ್ವಿರುದ್ಧ ಉತ್ತರಗಳು ಬಂದವು. ಅಂಥ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲವೆಂದು ವಾದಿಸಿದ ಪಾದ್ರಿಯೊಬ್ಬರನ್ನು 1635ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಗಡೀಪಾರು ಮಾಡಿತು. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿ, ಹೊಸ ರಾಷ್ಟ್ರದ ಸಂಸತ್ತಿಗೆ ಆ ಅಧಿಕಾರವನ್ನು ನಿರಾಕರಿಸಿತು. ನಡುವಿನ ಈ ಒಂದೂವರೆ ಶತಮಾನದ ಬದಲಾವಣೆಯನ್ನು ಧರ್ಮದಲ್ಲಿ ಆಸಕ್ತಿ ಕಳೆದುಕೊಂಡ ವಿಚಾರವಾದಿಗಳ ಸಾಧನೆಯೆಂದು ಬಣ್ಣಿಸುವುದು ವಾಡಿಕೆ. ದಾಖಲೆಗಳು ಹೇಳುವುದು ಬೇರೆ. ಸರ್ಕಾರ ದೇವರ ಮನೆಯೊಳಗೆ ಕಾಲಿಡಕೂಡದೆಂದು ಮೊದಲು ಹಟ ಹಿಡಿದವರು, ಅದಕ್ಕಾಗಿ ಜೈಲು ಕಂಡವರು, ಊರೂರು ಅಲೆದು ಅರ್ಜಿಗೆ ಸಹಿ ಕೂಡಿಸಿದವರು ಬಹುಪಾಲು ಕಟ್ಟಾ ಭಕ್ತರು. ಜೆಫರ್ಸನ್, ಮ್ಯಾಡಿಸನ್ ಅವರಂಥ ರಾಜಕಾರಣಿಗಳು ಆ ಹಟಕ್ಕೆ ಕಾನೂನಿನ ರೂಪ ಕೊಟ್ಟರು.

ಜಾನ್ ವಿನ್‌ಥ್ರಾಪ್ ಅವರ ಮುಂದಾಳತನದಲ್ಲಿ 1630ರಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಯಲ್ಲಿ ಬಂದಿಳಿದ ಪ್ಯೂರಿಟನ್ನರು, ಇಂಗ್ಲೆಂಡಿನ ಅಧಿಕೃತ ಚರ್ಚಿನಲ್ಲಿ ಉಳಿದುಕೊಂಡಿದ್ದ ಕ್ಯಾಥೊಲಿಕ್ ಆಚರಣೆಗಳನ್ನು ಒಪ್ಪದವರು. ತಮ್ಮ ಕಣ್ಣಿಗೆ ಶುದ್ಧವೆಂದು ಕಂಡ ಆರಾಧನೆಯನ್ನು ನೆಲೆಗೊಳಿಸಲೆಂದು ಅವರು ಸಮುದ್ರ ದಾಟಿದ್ದರು. ಯಾರು ಹೇಗೆ ಬೇಕಾದರೂ ಆರಾಧಿಸಿಕೊಳ್ಳಲಿ ಎಂಬ ಉದ್ದೇಶ ಅವರಿಗಿರಲಿಲ್ಲ. ಅವರ ರಾಜಕೀಯದ ತಳಹದಿ ಒಡಂಬಡಿಕೆಯ ಕಲ್ಪನೆ. ಬೈಬಲ್ಲಿನ ಇಸ್ರಾಯೇಲರಂತೆ ತಮ್ಮ ಸಮುದಾಯವೂ ದೇವರಿಗೆ ಮಾತು ಕೊಟ್ಟಿದೆ, ಮಾತು ತಪ್ಪಿದರೆ ದಂಡನೆ ಊರಿಗೆಲ್ಲ ತಟ್ಟುತ್ತದೆ ಎಂದು ಅವರು ನಂಬಿದ್ದರು. ಹೀಗೆ ನಂಬಿದವರಿಗೆ ಪಕ್ಕದ ಮನೆಯವನ ತಪ್ಪು ನಂಬಿಕೆ ಅವನ ಸ್ವಂತ ವಿಷಯವಾಗಿ ಕಾಣುವುದು ಸಾಧ್ಯವೇ ಇರಲಿಲ್ಲ. 1631ರಲ್ಲಿ ಮತದಾನದ ಹಕ್ಕನ್ನು ಚರ್ಚಿನ ಸದಸ್ಯರಿಗಷ್ಟೇ ಮೀಸಲಿಟ್ಟರು. ಪಾದ್ರಿಗಳು ಸರ್ಕಾರಿ ಹುದ್ದೆಗಳಲ್ಲಿ ಕೂರುತ್ತಿರಲಿಲ್ಲ. ಆ ಮಟ್ಟಿಗೆ ಚರ್ಚು ಬೇರೆ, ಆಡಳಿತ ಬೇರೆ. ಆದರೆ ಚರ್ಚಿಗೆ ಕಾವಲು ನಿಲ್ಲುವುದು ಆಡಳಿತದ ಧಾರ್ಮಿಕ ಕರ್ತವ್ಯವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅನುಮಾನ ತಂದವರು ರೋಜರ್ ವಿಲಿಯಮ್ಸ್. ಲಂಡನ್ನಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ಈ ಪಾದ್ರಿ 1631ರಲ್ಲಿ ಬಾಸ್ಟನ್ನಿಗೆ ಬಂದಾಗ ಅಲ್ಲಿನ ಚರ್ಚಿನ ಹುದ್ದೆ ಅವರಿಗಾಗಿ ಕಾದಿತ್ತು. ಬಾಸ್ಟನ್ನಿನ ಚರ್ಚು ಇಂಗ್ಲೆಂಡಿನ ಚರ್ಚಿನಿಂದ ಪೂರ್ತಿ ಬೇರ್ಪಟ್ಟಿಲ್ಲ, ಆದ್ದರಿಂದ ಅದು ಸಾಕಷ್ಟು ಶುದ್ಧವಲ್ಲ ಎಂದು ಅವರು ಹುದ್ದೆಯನ್ನು ಒಲ್ಲೆನೆಂದರು. ಸೇಲಂ, ಪ್ಲಿಮತ್, ಮತ್ತೆ ಸೇಲಂ ಹೀಗೆ ಊರು ಬದಲಿಸಿದರೂ ಅವರ ಮಾತು ಮೆತ್ತಗಾಗಲಿಲ್ಲ. ಅಮೆರಿಕದ ಮೂಲನಿವಾಸಿಗಳಾದ ಇಂಡಿಯನ್ನರ ನೆಲವನ್ನು ದಾನ ಕೊಡಲು ಇಂಗ್ಲೆಂಡಿನ ದೊರೆಗೆ ಹಕ್ಕಿಲ್ಲ, ಆದ್ದರಿಂದ ವಸಾಹತಿನ ಸನ್ನದೇ ದೋಷಪೂರಿತ ಎಂದರು. ಪ್ರಮಾಣವಚನವೂ ದೇವರ ಆರಾಧನೆಯೇ, ನಂಬಿಕೆಯಿಲ್ಲದವನಿಂದ ಅದನ್ನು ಮಾಡಿಸುವುದು ದೇವರ ಹೆಸರನ್ನು ವ್ಯರ್ಥವಾಗಿ ಬಳಸಿದಂತೆ ಎಂದರು. ಆಡಳಿತಗಾರರನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ದಶಾಜ್ಞೆಗಳ ಕುರಿತ ವಾದ. ಹತ್ತು ಆಜ್ಞೆಗಳಲ್ಲಿ ಮೊದಲ ನಾಲ್ಕು ದೇವರಿಗೂ ಮನುಷ್ಯನಿಗೂ ಸಂಬಂಧಿಸಿದವು: ಅನ್ಯದೇವರುಗಳು ಬೇಡ, ವಿಗ್ರಹ ಬೇಡ, ದೇವರ ಹೆಸರಿನ ದುರ್ಬಳಕೆ ಬೇಡ, ಸಬ್ಬತ್ತನ್ನು ಆಚರಿಸು. ಕೊಲೆ, ಕಳವು, ಸುಳ್ಳುಸಾಕ್ಷಿಯಂಥವು ಮನುಷ್ಯ ಮನುಷ್ಯರ ನಡುವಿನವು. ಈ ಎರಡನೆಯ ಗುಂಪಿನ ಮೇಲೆ ಮಾತ್ರ ಮ್ಯಾಜಿಸ್ಟ್ರೇಟರಿಗೆ ಅಧಿಕಾರ, ಮೊದಲನೆಯದರ ಮೇಲೆ ಇಲ್ಲವೇ ಇಲ್ಲ ಎಂಬುದು ವಿಲಿಯಮ್ಸ್ ಅವರ ನಿಲುವು.

1635ರ ಅಕ್ಟೋಬರಿನಲ್ಲಿ ವಸಾಹತಿನ ಜನರಲ್ ಕೋರ್ಟ್ ಅವರಿಗೆ ಗಡೀಪಾರಿನ ಶಿಕ್ಷೆ ಕೊಟ್ಟಿತು. ಹಡಗು ಹತ್ತಿಸಿ ಇಂಗ್ಲೆಂಡಿಗೆ ಸಾಗಿಸುವ ತಯಾರಿ ನಡೆದಿದ್ದಾಗ, 1636ರ ಜನವರಿಯ ಹಿಮದಲ್ಲಿ ಅವರು ತಪ್ಪಿಸಿಕೊಂಡು ದಕ್ಷಿಣಕ್ಕೆ ನಡೆದರು. ಆ ಚಳಿಗಾಲದಲ್ಲಿ ಅವರಿಗೆ ಆಸರೆ ಕೊಟ್ಟವರು ಇಂಡಿಯನ್ನರು. ನರಗನ್ಸೆಟ್ ಬುಡಕಟ್ಟಿನ ನಾಯಕರಾದ ಕನಾನಿಕಸ್ ಮತ್ತು ಮಿಯಾಂಟನೋಮಿ ಅವರಿಂದ ಪಡೆದ ನೆಲದಲ್ಲಿ ಪ್ರಾವಿಡೆನ್ಸ್ ಊರು ಎದ್ದಿತು. ಬಹುಮತದ ತೀರ್ಮಾನಕ್ಕೆ ತಾವು ಲೌಕಿಕ ವಿಷಯಗಳಲ್ಲಿ ಮಾತ್ರ ಬದ್ಧರು ಎಂದು ನೆಲಸಿಗರು ಕರಾರು ಬರೆದುಕೊಂಡರು. ನರಗನ್ಸೆಟ್ಟರ ಭಾಷೆಯನ್ನು ಕಲಿತ ವಿಲಿಯಮ್ಸ್ 1643ರಲ್ಲಿ ಅದರ ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಕರಾರು ಎಷ್ಟು ಗಟ್ಟಿ ಎಂಬುದಕ್ಕೆ ಪರೀಕ್ಷೆ ಬೇಗನೆ ಎದುರಾಯಿತು. ಜೋಶುವಾ ವೆರಿನ್ ಎಂಬ ನೆಲಸಿಗ, ಹೆಂಡತಿ ವಿಲಿಯಮ್ಸ್ ಅವರ ಪ್ರಾರ್ಥನಾ ಸಭೆಗಳಿಗೆ ಹೋಗದಂತೆ ತಡೆದು ಹೊಡೆಯುತ್ತಿದ್ದ. ಹೆಂಡತಿ ಗಂಡನ ಮಾತಿನಲ್ಲಿರಬೇಕೆಂಬುದೂ ದೇವರ ಆಜ್ಞೆಯೇ, ಗಂಡನ ಆತ್ಮಸಾಕ್ಷಿಗೂ ಬೆಲೆಯಿಲ್ಲವೇ ಎಂದು ಊರಿನ ಕೆಲವರು ಅವನ ಪರ ನಿಂತರು. ಊರು ಆ ವಾದವನ್ನು ಒಪ್ಪದೆ, ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೆ ಅಡ್ಡಬಂದನೆಂಬ ಕಾರಣಕ್ಕೆ 1638ರಲ್ಲಿ ವೆರಿನ್‌ನ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಅವನು ಹೆಂಡತಿಯನ್ನು ಕರೆದುಕೊಂಡು ಸೇಲಂಗೆ ಮರಳಿದ. ಆಕೆಯ ಪಾಲಿಗೆ ಪ್ರಾವಿಡೆನ್ಸಿನ ತೀರ್ಪು ಅಲ್ಲಿಗೇ ಮುಗಿಯಿತು. ಹಾಗಿದ್ದರೂ, ಹೆಂಗಸಿನ ಆತ್ಮಸಾಕ್ಷಿ ಗಂಡನ ಸೊತ್ತಲ್ಲವೆಂದು 17ನೆಯ ಶತಮಾನದ ಒಂದು ಪುಟ್ಟ ಊರು ತೀರ್ಮಾನಿಸಿತೆಂಬುದು ಅಮೆರಿಕದ ಇತಿಹಾಸದಲ್ಲಿ ಸಿಗಬೇಕಾದಷ್ಟು ಗಮನ ಸಿಗದ ಸಂಗತಿ.

ವಿಲಿಯಮ್ಸ್ ಅವರ ವಾದಕ್ಕೆ ಅತ್ಯಂತ ಗಂಭೀರವಾದ ಎದುರುವಾದ ಬಂದದ್ದು ಬಾಸ್ಟನ್ನಿನ ಹೆಸರಾಂತ ಪಾದ್ರಿ ಜಾನ್ ಕಾಟನ್ ಅವರಿಂದ. ಆತ್ಮಸಾಕ್ಷಿಗಾಗಿ ಯಾರನ್ನೂ ಹಿಂಸಿಸಬಾರದೆಂಬುದನ್ನು ಕಾಟನ್ ಕೂಡ ಒಪ್ಪುತ್ತಿದ್ದರು. ಆದರೆ ಧರ್ಮದ ಮೂಲತತ್ತ್ವಗಳು ಎಷ್ಟು ನಿಚ್ಚಳವೆಂದರೆ, ಒಂದೆರಡು ಬಾರಿ ತಿಳಿಹೇಳಿದ ಮೇಲೆ ಪ್ರಾಮಾಣಿಕನಾದವನಿಗೆ ಅವು ಮನವರಿಕೆಯಾಗಲೇಬೇಕು. ಆಮೇಲೂ ಹಟ ಬಿಡದವನು ತನ್ನದೇ ಆತ್ಮಸಾಕ್ಷಿಯ ವಿರುದ್ಧ ಪಾಪ ಮಾಡುತ್ತಿದ್ದಾನೆ, ಶಿಕ್ಷೆ ಆ ಪಾಪಕ್ಕೆ. ಈ ತರ್ಕದಲ್ಲಿ ಆತ್ಮಸಾಕ್ಷಿಗೆ ಬಾಯಲ್ಲಿ ಗೌರವವಿದೆ, ಅದು ಏನು ಹೇಳಬೇಕೆಂಬ ತೀರ್ಮಾನ ಮಾತ್ರ ಹೊರಗಿನವರ ಕೈಯಲ್ಲಿದೆ. ತಾನು ಕಂಡ ಸತ್ಯ ಎದುರಿನವನಿಗೂ ಕಂಡಿದೆ, ಅವನು ಬೇಕೆಂದೇ ಕಣ್ಣು ಮುಚ್ಚಿದ್ದಾನೆ ಎಂಬ ಈ ಭಾವನೆ ಎಲ್ಲ ಕಾಲದ ಧಾರ್ಮಿಕ ಹಿಂಸೆಯ ಹಿಂದೆಯೂ ಕೆಲಸ ಮಾಡಿದೆ.

1644ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿಲಿಯಮ್ಸ್ ಅವರ ದೊಡ್ಡ ಗ್ರಂಥ ಸತ್ಯ ಮತ್ತು ಶಾಂತಿ ಎಂಬಿಬ್ಬರ ಸಂವಾದದ ರೂಪದಲ್ಲಿದೆ. ಪಾರ್ಲಿಮೆಂಟು ಅದನ್ನು ಸುಡಲು ಆಜ್ಞಾಪಿಸಿತು. ಗ್ರಂಥದ ಬೆನ್ನೆಲುಬು ಮತ್ತಾಯನ ಸುವಾರ್ತೆಯಲ್ಲಿ ಬರುವ ಗೋಧಿ ಮತ್ತು ಕಳೆಯ ಸಾಮತಿ. ಕಳೆ ಕೀಳಹೋದರೆ ಗೋಧಿಯೂ ಕಿತ್ತುಬಂದೀತು, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎನ್ನುತ್ತಾನೆ ಹೊಲದ ಯಜಮಾನ. ಹೊಲವೆಂದರೆ ಲೋಕ, ಸುಗ್ಗಿಯೆಂದರೆ ಅಂತ್ಯಕಾಲದ ನ್ಯಾಯತೀರ್ಪು; ಆ ತೀರ್ಪು ದೇವರದು, ಮ್ಯಾಜಿಸ್ಟ್ರೇಟರದಲ್ಲ ಎಂದು ವಿಲಿಯಮ್ಸ್ ಅರ್ಥೈಸಿದರು. ಒಳಗೊಪ್ಪದ ಮನುಷ್ಯನನ್ನು ಆರಾಧನೆಗೆ ಎಳೆತರುವುದು ಅವನ ಆತ್ಮದ ಮೇಲಿನ ಅತ್ಯಾಚಾರ, ದೇವರಿಗೂ ಅದು ಹೇಸಿಗೆ. ತಪ್ಪುದಾರಿ ಹಿಡಿದ ಆತ್ಮಸಾಕ್ಷಿಯನ್ನು ಕೂಡ ಮಾತಿನಿಂದ ತಿದ್ದಬಹುದೇ ಹೊರತು ಕತ್ತಿಯಿಂದಲ್ಲ. ಕಾಟನ್ 1647ರಲ್ಲಿ ಉತ್ತರ ಬರೆದರು, ವಿಲಿಯಮ್ಸ್ 1652ರಲ್ಲಿ ಅದಕ್ಕೆ ಮರುತ್ತರ ಬರೆದರು.

ಈ ಸ್ವಾತಂತ್ರ್ಯ ಅರಾಜಕತೆಗೆ ದಾರಿಯಲ್ಲವೇ ಎಂಬ ಆಕ್ಷೇಪಕ್ಕೆ ವಿಲಿಯಮ್ಸ್ 1655ರಲ್ಲಿ ಪ್ರಾವಿಡೆನ್ಸಿನ ಜನರಿಗೆ ಬರೆದ ಪತ್ರದಲ್ಲಿ ಉತ್ತರವಿದೆ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಯಹೂದಿಗಳು, ಮುಸ್ಲಿಮರು ಒಂದೇ ಹಡಗಿನಲ್ಲಿದ್ದಾರೆಂದುಕೊಳ್ಳಿ ಎಂದರು ಅವರು. ಹಡಗಿನ ಪ್ರಾರ್ಥನೆಗೆ ಬರಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ, ತಮ್ಮದೇ ಪ್ರಾರ್ಥನೆ ಮಾಡಿಕೊಳ್ಳುವವರನ್ನು ತಡೆಯುವಂತಿಲ್ಲ. ಆದರೆ ಹಡಗು ಯಾವ ದಿಕ್ಕಿಗೆ ಸಾಗಬೇಕು, ಯಾರು ಎಷ್ಟು ಬಾಡಿಗೆ ಕೊಡಬೇಕು, ದಂಗೆಯೆದ್ದವರನ್ನು ಏನು ಮಾಡಬೇಕು ಎಂಬುದು ಕಪ್ತಾನನ ಅಧಿಕಾರ. ಎರಡನೆಯ ಚಾರ್ಲ್ಸ್ ದೊರೆ 1663ರಲ್ಲಿ ಪ್ರಾವಿಡೆನ್ಸ್ ಸೇರಿದ್ದ ರೋಡ್ ಐಲೆಂಡ್ ವಸಾಹತಿಗೆ ಕೊಟ್ಟ ಸನ್ನದಿನಲ್ಲಿ ಈ ತತ್ತ್ವ ಕಾನೂನಿನ ಮುದ್ರೆ ಪಡೆಯಿತು.

ವಿಲಿಯಮ್ಸ್ ಉದಾರಮನಸ್ಸಿನವರಾಗಿದ್ದರು, ಎಲ್ಲ ಮತಗಳೂ ಒಂದೇ ಎನ್ನುತ್ತಿದ್ದರು ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಕ್ವೇಕರರೆಂಬ ಕ್ರೈಸ್ತ ಪಂಗಡದ ಬೋಧನೆ ಅವರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಎಪ್ಪತ್ತರ ಹೊಸ್ತಿಲಿನಲ್ಲಿದ್ದಾಗ, 1672ರಲ್ಲಿ, ನ್ಯೂಪೋರ್ಟಿಗೆ ಹೋಗಿ ಅವರೊಡನೆ ದಿನಗಟ್ಟಲೆ ವಾದಿಸಿದರು. ಖಂಡಿಸಿ ಪುಸ್ತಕ ಬರೆದರು. ಅವರನ್ನು ಶಿಕ್ಷಿಸಬೇಕೆಂದು ಮಾತ್ರ ಕೇಳಲಿಲ್ಲ. ಅದೇ ಕ್ವೇಕರರನ್ನು ಮ್ಯಾಸಚೂಸೆಟ್ಸ್ ಚಾಟಿಯಿಂದ ಹೊಡೆಸಿತ್ತು, ಕಿವಿ ಕತ್ತರಿಸಿತ್ತು, 1659ರಿಂದ 1661ರೊಳಗೆ ನಾಲ್ವರನ್ನು ಗಲ್ಲಿಗೇರಿಸಿತ್ತು. ಆ ನಾಲ್ವರಲ್ಲಿ ಒಬ್ಬರಾದ ಮೇರಿ ಡಯರ್, 1637ರಲ್ಲಿ ವಿಚಾರಣೆಗೊಳಗಾಗಿ ಗಡೀಪಾರಾದ ಆನ್ ಹಚಿನ್‌ಸನ್ ಅವರ ಗೆಳತಿ. ಪಾದ್ರಿಗಳ ಬೋಧನೆಯನ್ನು ಮನೆಯಲ್ಲಿ ಸೇರಿದ ಗುಂಪಿನ ಮುಂದೆ ವಿಮರ್ಶಿಸಿದ್ದು, ದೇವರು ತನ್ನೊಡನೆ ನೇರವಾಗಿ ಮಾತಾಡುತ್ತಾನೆಂದು ನ್ಯಾಯಾಲಯದಲ್ಲೇ ಹೇಳಿದ್ದು ಹಚಿನ್‌ಸನ್ ಅವರ ಅಪರಾಧ.

ಉಳಿದ ವಸಾಹತುಗಳು ನಡುದಾರಿ ಹಿಡಿದವು. ಕ್ಯಾಥೊಲಿಕ್ ಕುಟುಂಬದ ಒಡೆತನದಲ್ಲಿದ್ದ ಮೇರಿಲ್ಯಾಂಡ್ 1649ರ ಕಾಯಿದೆಯಲ್ಲಿ ಕ್ರೈಸ್ತರಿಗೆಲ್ಲ ರಕ್ಷಣೆ ಕೊಟ್ಟಿತು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೈಕ್ಯವನ್ನು ಅಲ್ಲಗಳೆದವರಿಗೆ ಅದೇ ಕಾಯಿದೆಯಲ್ಲಿ ಮರಣದಂಡನೆಯೂ ಇತ್ತು. ವಿಲಿಯಂ ಪೆನ್ 1680ರ ದಶಕದಲ್ಲಿ ಸ್ಥಾಪಿಸಿದ ಪೆನ್ಸಿಲ್ವೇನಿಯಾ, ಒಬ್ಬ ದೇವರನ್ನು ನಂಬುವ ಎಲ್ಲರಿಗೂ ಬಾಗಿಲು ತೆರೆದು ಹೆಚ್ಚು ಉದಾರವಾಗಿ ನಡೆದುಕೊಂಡಿತು. ಇವೆಲ್ಲ ಸಹಿಷ್ಣುತೆಯ ವ್ಯವಸ್ಥೆಗಳು. ಆಳುವವರು ಕೊಡುತ್ತಾರೆ, ಪ್ರಜೆಗಳು ಪಡೆಯುತ್ತಾರೆ. ಕೊಟ್ಟವರು ಬೇಕೆಂದಾಗ ಮಿತಿ ಹಾಕಬಹುದು, ಹಿಂದಕ್ಕೂ ಪಡೆಯಬಹುದು.

ಸಹಿಷ್ಣುತೆಗೆ ಆ ಕಾಲದ ಅತ್ಯಂತ ಪ್ರಭಾವಶಾಲಿ ಸಮರ್ಥನೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಪ್ರಕಟಿಸಿದ ಪತ್ರರೂಪದ ಪ್ರಬಂಧ. ನಂಬಿಕೆ ಇಚ್ಛೆಯ ಮಾತು ಕೇಳುವುದಿಲ್ಲ, ಬೆದರಿಕೆಯಿಂದ ಯಾರೂ ಒಂದು ಸಂಗತಿಯನ್ನು ನಿಜವೆಂದು ನಂಬಲಾರರು, ಆದ್ದರಿಂದ ಬಲಪ್ರಯೋಗ ನಿರರ್ಥಕ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಆಕ್ಸ್‌ಫರ್ಡಿನ ಪಾದ್ರಿ ಜೋನಸ್ ಪ್ರೋಸ್ಟ್ 1690ರಲ್ಲೇ ಇದರ ದುರ್ಬಲ ಜಾಗವನ್ನು ತೋರಿಸಿದರು. ಬಲದಿಂದ ನೇರವಾಗಿ ನಂಬಿಕೆ ಹುಟ್ಟದಿರಬಹುದು. ಆದರೆ ಓದದ ಪುಸ್ತಕವನ್ನು ಓದುವಂತೆ, ಕೇಳದ ಬೋಧನೆಯನ್ನು ಕೇಳುವಂತೆ ಮಾಡಿ ಕೊನೆಗೆ ನಂಬಿಕೆಯನ್ನೂ ಬದಲಿಸಬಹುದಲ್ಲ? ಒತ್ತಾಯದಿಂದ ಮತ ಬದಲಿಸಿದವರ ಮೊಮ್ಮಕ್ಕಳು ಆ ಮತದ ನಿಷ್ಠಾವಂತರಾದ ಉದಾಹರಣೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಉಪಯೋಗವಿಲ್ಲವೆಂಬ ಕಾರಣಕ್ಕೆ ಬಲವನ್ನು ಬಿಡಬೇಕೆಂದರೆ, ಉಪಯೋಗಕ್ಕೆ ಬಂದ ದಿನ ಅದನ್ನು ಎತ್ತಿಕೊಳ್ಳಬಹುದು. ವಿಲಿಯಮ್ಸ್ ಅವರ ವಾದಕ್ಕೆ ಈ ದೌರ್ಬಲ್ಯವಿಲ್ಲ. ಬಲದಿಂದ ಫಲ ಸಿಕ್ಕರೂ ಅದು ದೇವರಿಗೆ ಸೇರಿದ ಜಾಗದ ಮೇಲಿನ ಅತಿಕ್ರಮಣ ಎಂದು ಅವರು ಹೇಳುತ್ತಾರೆ. ಲಾಕ್ ಅವರ ಪಟ್ಟಿಯಲ್ಲಿ ನಾಸ್ತಿಕರಿಗೆ ಸ್ಥಾನವಿರಲಿಲ್ಲ ಎಂಬುದನ್ನೂ ನೆನೆಯಬೇಕು. ದೇವರ ಭಯವಿಲ್ಲದವನ ಮಾತಿಗೂ ಆಣೆಗೂ ಬೆಲೆಯಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು.

18ನೆಯ ಶತಮಾನದ ನಡುಭಾಗದಲ್ಲಿ ಬ್ಯಾಪ್ಟಿಸ್ಟರು ವಸಾಹತುಗಳಲ್ಲಿ ವೇಗವಾಗಿ ಹರಡಿದರು. ಅರಿವು ಬಂದವನು ತಾನಾಗಿ ನಂಬಿ ದೀಕ್ಷಾಸ್ನಾನ ಪಡೆಯಬೇಕು, ಎಳೆಗೂಸಿಗೆ ಕೊಡುವ ದೀಕ್ಷೆಗೆ ಅರ್ಥವಿಲ್ಲ ಎಂಬುದು ಅವರ ಮೂಲ ನಂಬಿಕೆ. ತಂದೆತಾಯಿಯರೇ ಮಗುವಿನ ಪರವಾಗಿ ನಂಬಲಾರರೆಂದ ಮೇಲೆ ಸರ್ಕಾರ ಪ್ರಜೆಯ ಪರವಾಗಿ ನಂಬುವ ಮಾತೆಲ್ಲಿ ಬಂತು? ಅವರ ರಾಜಕೀಯ ಅವರ ದೇವತಾಶಾಸ್ತ್ರದಿಂದಲೇ ಹೊರಟಿತ್ತು. ನ್ಯೂ ಇಂಗ್ಲೆಂಡಿನಲ್ಲಿ ಅವರ ನಾಯಕ ಐಸಾಕ್ ಬ್ಯಾಕಸ್. ಅಧಿಕೃತ ಚರ್ಚಿನ ತೆರಿಗೆ ಕಟ್ಟಲಿಲ್ಲವೆಂದು ಅವರ ವಿಧವೆ ತಾಯಿಯನ್ನು 1752ರಲ್ಲಿ ಕನೆಕ್ಟಿಕಟ್‌ನಲ್ಲಿ ಜೈಲಿಗೆ ಹಾಕಿದ್ದರು. 1774ರಲ್ಲಿ ಫಿಲಡೆಲ್ಫಿಯಾದಲ್ಲಿ ಬ್ಯಾಕಸ್ ಮತ್ತು ಸಂಗಡಿಗರು ವಸಾಹತುಗಳ ಮಹಾಧಿವೇಶನಕ್ಕೆ ಬಂದಿದ್ದ ಮ್ಯಾಸಚೂಸೆಟ್ಸಿನ ಪ್ರತಿನಿಧಿಗಳನ್ನು ಕಂಡು, ಪ್ರಾತಿನಿಧ್ಯವಿಲ್ಲದ ತೆರಿಗೆ ಬೇಡವೆಂದು ಬ್ರಿಟನ್ನಿಗೆ ಹೇಳುವವರು ತಮ್ಮ ಮೇಲೆ ಇಂಥ ತೆರಿಗೆ ಹೇರುವುದು ಯಾವ ನ್ಯಾಯ ಎಂದು ಕೇಳಿದರು. ಸೌರಮಂಡಲ ಬದಲಾದರೂ ತಮ್ಮ ವಸಾಹತು ಚರ್ಚಿನ ವ್ಯವಸ್ಥೆಯನ್ನು ಬಿಡದು ಎಂಬರ್ಥದ ಉತ್ತರ ಆ ಪ್ರತಿನಿಧಿಗಳಲ್ಲೊಬ್ಬರಾದ ಜಾನ್ ಆಡಮ್ಸ್ ಅವರಿಂದ ಸಿಕ್ಕಿತು.

ವರ್ಜಿನಿಯಾದಲ್ಲಿ ಆಂಗ್ಲಿಕನ್ ಚರ್ಚು ಸರ್ಕಾರದ ಚರ್ಚಾಗಿತ್ತು. ಪರವಾನಗಿಯಿಲ್ಲದೆ ಬೋಧಿಸುತ್ತಿದ್ದ ಬ್ಯಾಪ್ಟಿಸ್ಟ್ ಬೋಧಕರನ್ನು 1768ರಿಂದ ಶಾಂತಿಭಂಗದ ಆರೋಪದ ಮೇಲೆ ಜೈಲಿಗೆ ತಳ್ಳತೊಡಗಿದರು. ದೇವರು ಕರೆದು ಕೊಟ್ಟ ಕೆಲಸಕ್ಕೆ ಸರ್ಕಾರದ ಪರವಾನಗಿ ಕೇಳುವುದೇ ಪಾಪವೆಂದು ಅವರಲ್ಲಿ ಅನೇಕರ ನಂಬಿಕೆ. ಜೈಲಿನ ಕಿಟಕಿಯಿಂದಲೇ ಬೋಧಿಸಿದವರೂ ಇದ್ದರು. ಪ್ರಿನ್ಸ್‌ಟನ್ನಿನಲ್ಲಿ ಓದು ಮುಗಿಸಿ ಊರಿಗೆ ಮರಳಿದ್ದ ಜೇಮ್ಸ್ ಮ್ಯಾಡಿಸನ್, ಪಕ್ಕದ ಕೌಂಟಿಯಲ್ಲಿ ಇಂಥ ಐದಾರು ಮಂದಿ ಸೆರೆಯಲ್ಲಿರುವುದನ್ನು ಕಂಡು 1774ರ ಜನವರಿಯಲ್ಲಿ ಗೆಳೆಯನಿಗೆ ಆಕ್ರೋಶದಿಂದ ಪತ್ರ ಬರೆದರು.

ಎರಡು ವರ್ಷಗಳ ನಂತರ, 25ರ ಹರೆಯದಲ್ಲಿ, ಅವರಿಗೆ ಏನಾದರೂ ಮಾಡುವ ಅವಕಾಶ ಸಿಕ್ಕಿತು. ವರ್ಜಿನಿಯಾದ ಹಕ್ಕುಗಳ ಘೋಷಣೆಯನ್ನು ಹಿರಿಯರಾದ ಜಾರ್ಜ್ ಮೇಸನ್ ಬರೆದಿದ್ದರು. ಧರ್ಮಾಚರಣೆಯಲ್ಲಿ ಎಲ್ಲರಿಗೂ ಪೂರ್ಣ ಸಹಿಷ್ಣುತೆ ದೊರೆಯಬೇಕೆಂದು ಅವರ ಕರಡು ಹೇಳುತ್ತಿತ್ತು. ಆ ಕಾಲಕ್ಕೆ ಅದು ಬಹಳ ಉದಾರವಾದ ಮಾತು. ಮ್ಯಾಡಿಸನ್ ಅದನ್ನು ತೆಗೆಸಿ, ಎಲ್ಲರೂ ತಮ್ಮ ಆತ್ಮಸಾಕ್ಷಿಯಂತೆ ಧರ್ಮವನ್ನು ಮುಕ್ತವಾಗಿ ಆಚರಿಸಲು ಸಮಾನ ಹಕ್ಕುಳ್ಳವರು ಎಂದು ಬರೆಸಿದರು. 1776ರ ಜೂನ್ 12ರಂದು ಘೋಷಣೆ ಅಂಗೀಕಾರವಾಯಿತು. ಕೊಡುವವರು ಮತ್ತು ಪಡೆಯುವವರು ಎಂಬ ಭೇದವನ್ನೇ ಈ ತಿದ್ದುಪಡಿ ತೆಗೆದುಹಾಕಿತು. ಚರ್ಚಿಗೆ ಸರ್ಕಾರ ಕೊಡುತ್ತಿದ್ದ ಸವಲತ್ತುಗಳನ್ನೂ ಕಿತ್ತುಹಾಕಲು ಮ್ಯಾಡಿಸನ್ ನೋಡಿದ್ದರು. ಸಭೆ ಅಷ್ಟು ದೂರ ಬರಲು ಸಿದ್ಧವಿರಲಿಲ್ಲ.

ಆ ಜಗಳ 1784ರಲ್ಲಿ ಮತ್ತೆ ಎದ್ದಿತು. ಕ್ರಾಂತಿಯ ಪ್ರಸಿದ್ಧ ವಾಗ್ಮಿ ಪ್ಯಾಟ್ರಿಕ್ ಹೆನ್ರಿ, ಕ್ರೈಸ್ತ ಧರ್ಮಬೋಧಕರ ಸಂಬಳಕ್ಕಾಗಿ ತೆರಿಗೆ ಎತ್ತುವ ಮಸೂದೆಯನ್ನು ಬೆಂಬಲಿಸಿದರು. ಮೇಲುನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣದು. ತೆರಿಗೆದಾರ ತನ್ನ ಹಣ ಯಾವ ಪಂಗಡಕ್ಕೆ ಹೋಗಬೇಕೆಂದು ತಾನೇ ಸೂಚಿಸಬಹುದಿತ್ತು. ಸೂಚಿಸದಿದ್ದರೆ ಅದು ಶಿಕ್ಷಣಕ್ಕೆ ಹೋಗುತ್ತಿತ್ತು. ಯುದ್ಧಾನಂತರ ಜನರ ನೀತಿ ಕುಸಿದಿದೆ, ಗಣರಾಜ್ಯ ನಿಲ್ಲಲು ಸದ್ಗುಣ ಬೇಕು, ಸದ್ಗುಣಕ್ಕೆ ಧರ್ಮ ಬೇಕು ಎಂಬ ವಾದವನ್ನು ಅನೇಕ ಗಣ್ಯರು ಒಪ್ಪಿದ್ದರು. ಇಂಥ ತೆರಿಗೆಯ ತತ್ತ್ವಕ್ಕೆ ಜಾರ್ಜ್ ವಾಷಿಂಗ್ಟನ್ ಅವರಿಗೂ ವಿರೋಧವಿರಲಿಲ್ಲ. ಹೆನ್ರಿ ಗವರ್ನರಾಗಿ ಆಯ್ಕೆಯಾಗಿ ಶಾಸನಸಭೆಯಿಂದ ಹೊರಹೋದದ್ದು ಮ್ಯಾಡಿಸನ್ ಅವರಿಗೆ ಅನುಕೂಲವಾಯಿತು, ಮಸೂದೆಯನ್ನು ಮುಂದೂಡಲಾಯಿತು.

ಆ ಬಿಡುವಿನಲ್ಲಿ, 1785ರಲ್ಲಿ, ಮ್ಯಾಡಿಸನ್ ಹೆಸರು ಹಾಕದೆ ಬರೆದ ಹದಿನೈದು ಅಂಶಗಳ ಮನವಿಪತ್ರ ಈ ಇಡೀ ವಿವಾದದ ತಾತ್ತ್ವಿಕ ಶಿಖರ. ಅದರ ಮೊದಲ ಅಂಶವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಸೃಷ್ಟಿಕರ್ತನಿಗೆ ಮನುಷ್ಯ ಸಲ್ಲಿಸಬೇಕಾದ ಕರ್ತವ್ಯ ಕಾಲದಲ್ಲೂ ಬಾಧ್ಯತೆಯಲ್ಲೂ ಸಮಾಜಕ್ಕಿಂತ ಮುಂಚಿನದು. ಸಮಾಜವನ್ನು ಸೇರುವಾಗ ಮನುಷ್ಯ ಆ ಹಳೆಯ ನಿಷ್ಠೆಯನ್ನು ಉಳಿಸಿಕೊಂಡೇ ಸೇರುತ್ತಾನೆ. ಆದ್ದರಿಂದ ಧರ್ಮದ ವಿಷಯ ಸಮಾಜದ ಅಧಿಕಾರವ್ಯಾಪ್ತಿಗೆ ಬರುವುದೇ ಇಲ್ಲ. ಸಮಾಜಕ್ಕೇ ಇಲ್ಲದ ಅಧಿಕಾರ ಅದರ ಶಾಸನಸಭೆಗೆ ಎಲ್ಲಿಂದ ಬಂದೀತು? ಇನ್ನೊಂದು ಅಂಶ, ಮೂರು ಪೆನ್ನಿಯಷ್ಟು ಸಣ್ಣ ಮೊತ್ತವನ್ನು ಒಂದು ಪಂಗಡಕ್ಕಾಗಿ ಬಲವಂತದಿಂದ ವಸೂಲಿ ಮಾಡಬಲ್ಲ ಅಧಿಕಾರ ಮುಂದೆ ಏನನ್ನೂ ಹೇರಬಲ್ಲದು ಎಂದು ಎಚ್ಚರಿಸುತ್ತದೆ. ಸರ್ಕಾರದ ಆಸರೆಯಲ್ಲಿ ಬೆಳೆದ ಕ್ರೈಸ್ತ ಚರ್ಚು ಹದಿನೈದು ಶತಮಾನಗಳಲ್ಲಿ ಪಾದ್ರಿಗಳಿಗೆ ಸೊಕ್ಕನ್ನೂ ಭಕ್ತರಿಗೆ ಅಜ್ಞಾನವನ್ನೂ ತಂದಿತು, ಆ ಆಸರೆ ಸಿಗುವ ಮುಂಚಿನ ಕಾಲವೇ ಅದರ ಉಜ್ವಲ ಕಾಲ ಎಂಬುದು ಮತ್ತೊಂದು ಅಂಶ.

ಈ ಮನವಿಗೆ 1,500ಕ್ಕೂ ಹೆಚ್ಚು ಸಹಿಗಳು ಬಂದವು. ಆದರೆ ಅದಕ್ಕಿಂತ ಹೆಚ್ಚು, ಸುಮಾರು 5,000 ಸಹಿಗಳನ್ನು ಪಡೆದದ್ದು ಇನ್ನೊಂದು ಮನವಿ. ಈ ತೆರಿಗೆ ಸುವಾರ್ತೆಯ ಆಶಯಕ್ಕೇ ವಿರುದ್ಧ ಎಂದು ಧಾರ್ಮಿಕ ನೆಲೆಯಲ್ಲೇ ವಾದಿಸಿದ ಮನವಿ ಅದು. ಹೆನ್ರಿಯವರ ಮಸೂದೆ ಸದ್ದಿಲ್ಲದೆ ಸತ್ತಿತು. ಅದನ್ನು ಕೊಂದದ್ದು ಹಳ್ಳಿಗಳ ಬ್ಯಾಪ್ಟಿಸ್ಟರು ಮತ್ತು ಪ್ರೆಸ್ಬಿಟೇರಿಯನ್ನರ ಒತ್ತಡವೆಂಬುದನ್ನು ಈ ಅಂಕಿಗಳೇ ತೋರಿಸುತ್ತವೆ.

ಗಾಳಿ ಅನುಕೂಲವಾಗಿರುವಾಗಲೇ ಮ್ಯಾಡಿಸನ್, ತಾಮಸ್ ಜೆಫರ್ಸನ್ 1777ರಲ್ಲಿ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯದ ಮಸೂದೆಯನ್ನು ಮತ್ತೆ ಮಂಡಿಸಿದರು. 1786ರ ಜನವರಿಯಲ್ಲಿ ಅದು ಕಾಯಿದೆಯಾದಾಗ ಜೆಫರ್ಸನ್ ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದರು. ಪವಾಡಗಳನ್ನೂ ತ್ರಯೈಕ್ಯವನ್ನೂ ಒಪ್ಪದ ಜೆಫರ್ಸನ್ ಕೂಡ ಈ ಕಾಯಿದೆಯನ್ನು ದೇವರಿಂದಲೇ ಆರಂಭಿಸುತ್ತಾರೆ: ಸರ್ವಶಕ್ತನಾದ ದೇವರು ಮನಸ್ಸನ್ನು ಸ್ವತಂತ್ರವಾಗಿ ಸೃಷ್ಟಿಸಿದ, ತನ್ನ ಧರ್ಮವನ್ನು ಬಲದಿಂದ ಹರಡುವ ಶಕ್ತಿಯಿದ್ದರೂ ಹಾಗೆ ಮಾಡಲಿಲ್ಲ, ಅವನು ಮಾಡದ್ದನ್ನು ತಪ್ಪುವ ಸ್ವಭಾವದ ಮನುಷ್ಯರು ಮಾಡಹೊರಟಿದ್ದಾರೆ ಎಂಬ ಧಾಟಿಯಲ್ಲಿ. ಭೌತಶಾಸ್ತ್ರದ ಅಥವಾ ರೇಖಾಗಣಿತದ ಅಭಿಪ್ರಾಯಗಳನ್ನು ನಾಗರಿಕ ಹಕ್ಕುಗಳು ಹೇಗೆ ಅವಲಂಬಿಸಿಲ್ಲವೋ ಹಾಗೆಯೇ ಧಾರ್ಮಿಕ ಅಭಿಪ್ರಾಯಗಳನ್ನೂ ಅವಲಂಬಿಸಿಲ್ಲ ಎಂದು ಅದು ಸಾರುತ್ತದೆ. ಪೀಠಿಕೆಯಲ್ಲಿ ಯೇಸುಕ್ರಿಸ್ತನ ಹೆಸರನ್ನು ಸೇರಿಸುವ ಸೂಚನೆಯೊಂದು ಬಂದು ದೊಡ್ಡ ಬಹುಮತದಿಂದ ಬಿದ್ದುಹೋಯಿತು. ಯಹೂದಿ, ಕ್ರೈಸ್ತ, ಮುಸಲ್ಮಾನ, ಹಿಂದೂ ಮತ್ತು ಯಾವ ಮತಕ್ಕೂ ಸೇರದವನು ಎಲ್ಲರೂ ಕಾಯಿದೆಯ ರಕ್ಷಣೆಯೊಳಗೆ ಬರುತ್ತಾರೆಂಬುದಕ್ಕೆ ಇದೇ ಸಾಕ್ಷಿ ಎಂದು ಜೆಫರ್ಸನ್ ತಮ್ಮ ಆತ್ಮಕಥೆಯಲ್ಲಿ ಬರೆದರು. ವರ್ಜಿನಿಯಾದಲ್ಲಿ ಒಬ್ಬ ಹಿಂದೂವನ್ನೂ ಕಂಡಿರಲಾರದ ಶಾಸಕರು ಹಾಕಿದ ಆ ಮತಗಳ ವ್ಯಾಪ್ತಿ ಅವರ ಅನುಭವಕ್ಕಿಂತ ಬಹಳ ದೊಡ್ಡದಾಗಿತ್ತು.

1787ರ ಸಂವಿಧಾನದ ಆರನೆಯ ವಿಧಿ ಯಾವ ಸರ್ಕಾರಿ ಹುದ್ದೆಗೂ ಧಾರ್ಮಿಕ ಪರೀಕ್ಷೆ ಇರಕೂಡದೆಂದಿತು. ಅನುಮೋದನಾ ಸಭೆಗಳಲ್ಲಿ ಇದು ಗಾಬರಿ ಹುಟ್ಟಿಸಿತು. ನಾರ್ತ್ ಕ್ಯಾರೊಲೈನಾದಲ್ಲಿ, ಹಾಗಾದರೆ ಅಧಿಕಾರಿಗಳು ಯಾವ ದೇವರ ಮೇಲೆ ಆಣೆಯಿಡುತ್ತಾರೆ, ರೋಮನ್ನರ ಜೂಪಿಟರ್ ಮೇಲೋ ಎಂದು ಸದಸ್ಯರೊಬ್ಬರು ಕೇಳಿದರು. ಮ್ಯಾಸಚೂಸೆಟ್ಸಿನ ಸಭೆಯಲ್ಲಿ ಈ ವಿಧಿಯ ಪರವಾಗಿ ಮಾತಾಡಿದವರು ಬ್ಯಾಕಸ್. ಸಂವಿಧಾನದಲ್ಲಿ ಆತ್ಮಸಾಕ್ಷಿಗೆ ಸ್ಪಷ್ಟ ರಕ್ಷಣೆಯಿಲ್ಲವೆಂದು ವರ್ಜಿನಿಯಾದ ಬ್ಯಾಪ್ಟಿಸ್ಟರು ಅಸಮಾಧಾನಗೊಂಡಾಗ, ತಿದ್ದುಪಡಿ ತರುವುದಾಗಿ ಮ್ಯಾಡಿಸನ್ 1789ರ ಜನವರಿಯಲ್ಲಿ ಅವರ ಪಾದ್ರಿಯೊಬ್ಬರಿಗೆ ಪತ್ರದಲ್ಲಿ ಮಾತು ಕೊಟ್ಟರು. ಅದೇ ಜೂನಿನಲ್ಲಿ ತಿದ್ದುಪಡಿಗಳನ್ನು ಮಂಡಿಸಿ ಮಾತು ಉಳಿಸಿಕೊಂಡರು. ಧರ್ಮವೊಂದನ್ನು ಅಧಿಕೃತವಾಗಿ ಸ್ಥಾಪಿಸುವ ಅಥವಾ ಧರ್ಮದ ಮುಕ್ತ ಆಚರಣೆಯನ್ನು ತಡೆಯುವ ಕಾಯಿದೆ ಕೂಡದೆಂಬ ನಿರ್ಬಂಧ 1791ರ ಡಿಸೆಂಬರ್ 15ರಂದು ಜಾರಿಗೆ ಬಂತು. ಅದು ಕಟ್ಟಿಹಾಕಿದ್ದು ಕೇಂದ್ರದ ಸಂಸತ್ತನ್ನು ಮಾತ್ರ. ರಾಜ್ಯಗಳನ್ನೂ ಕಟ್ಟಿಹಾಕುವ ಮ್ಯಾಡಿಸನ್ ಅವರ ಸೂಚನೆ ಸೆನೆಟ್‌ನಲ್ಲಿ ಬಿದ್ದುಹೋಯಿತು. ಕನೆಕ್ಟಿಕಟ್ 1818ರವರೆಗೆ, ಮ್ಯಾಸಚೂಸೆಟ್ಸ್ 1833ರವರೆಗೆ ಚರ್ಚಿನ ತೆರಿಗೆಯನ್ನು ಉಳಿಸಿಕೊಂಡವು.

ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಈ ಕಾರಣಕ್ಕೇ 1801ರಲ್ಲಿ ಅಧ್ಯಕ್ಷ ಜೆಫರ್ಸನ್ ಅವರಿಗೆ ತಮ್ಮ ಅಳಲನ್ನು ಬರೆದುಕೊಂಡರು. 1802ರ ಜನವರಿ 1ರ ಉತ್ತರದಲ್ಲಿ ಜೆಫರ್ಸನ್ ಬಳಸಿದ, ಚರ್ಚು ಮತ್ತು ಪ್ರಭುತ್ವದ ನಡುವಿನ ಗೋಡೆಯ ರೂಪಕ ಮುಂದೆ ನ್ಯಾಯಾಲಯಗಳ ತೀರ್ಪುಗಳಲ್ಲಿ ನೆಲೆಯೂರಿತು. ಗೋಡೆಯ ಮಾತನ್ನು ವಿಲಿಯಮ್ಸ್ 1644ರಲ್ಲೇ ಆಡಿದ್ದರು. ಅವರ ಗೋಡೆ ಚರ್ಚಿನ ತೋಟವನ್ನು ಲೋಕದ ಕಾಡಿನಿಂದ ಕಾಯಲು ಎದ್ದದ್ದು. ಜೆಫರ್ಸನ್ ಅವರಿಗಾದರೋ ಪಾದ್ರಿಗಳಿಂದ ಗಣರಾಜ್ಯವನ್ನು ಕಾಯುವ ಚಿಂತೆ ಹೆಚ್ಚು. ಆ ಜನವರಿ 3ರ ಭಾನುವಾರ ಅವರು ಪ್ರತಿನಿಧಿ ಸಭೆಯ ಸಭಾಂಗಣದಲ್ಲೇ ನಡೆದ ಪ್ರಾರ್ಥನೆಗೆ ಹೋಗಿ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೀಲ್ಯಾಂಡ್ ಅವರ ಪ್ರವಚನ ಕೇಳಿದರು. ಗೋಡೆ ಎಲ್ಲಿ ನಿಲ್ಲಬೇಕೆಂಬುದರಲ್ಲಿ ಕಟ್ಟಿದವರಿಗೇ ಒಮ್ಮತವಿರಲಿಲ್ಲ.

ಈ ಹಕ್ಕಿನ ಬುಡದಲ್ಲಿ ಒಂದು ತಾತ್ತ್ವಿಕ ತೊಡಕು ಉಳಿಯಿತು. ದೇವರಿಗೆ ಸಲ್ಲಬೇಕಾದ ಕರ್ತವ್ಯವೇ ಹಕ್ಕಿಗೆ ಆಧಾರವಾದರೆ, ಅಂಥ ಕರ್ತವ್ಯವನ್ನೇ ಒಪ್ಪದ ನಾಸ್ತಿಕನಿಗೆ ಆಧಾರವೇನು? ನೆರೆಯವನು ಇಪ್ಪತ್ತು ದೇವರೆಂದರೂ ದೇವರೇ ಇಲ್ಲವೆಂದರೂ ತನಗೆ ನಷ್ಟವಿಲ್ಲ ಎಂಬರ್ಥದ ಜೆಫರ್ಸನ್ ಅವರ ಉತ್ತರ ಬೇರೆ ನೆಲೆಯದು: ಹಾನಿಯಿಲ್ಲದ ಕಡೆ ಸರ್ಕಾರಕ್ಕೆ ಕೆಲಸವಿಲ್ಲ ಎಂಬ ನೆಲೆ. ಮ್ಯಾಡಿಸನ್ ಕೊಟ್ಟ ಆಧಾರ ಆಳವಾದದ್ದು, ಜೆಫರ್ಸನ್ ಕೊಟ್ಟದ್ದು ವಿಶಾಲವಾದದ್ದು. ಆಚರಣೆ ಎರಡಕ್ಕೂ ಬಹಳ ಹಿಂದುಳಿಯಿತು. ಸರ್ಕಾರಿ ಹುದ್ದೆಗೆ ದೇವರಲ್ಲಿ ನಂಬಿಕೆ ಘೋಷಿಸಬೇಕೆಂಬ ಮೇರಿಲ್ಯಾಂಡಿನ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1961ರಲ್ಲಿ.

ಇದಕ್ಕಿಂತ ಕಠೋರವಾದದ್ದು ಗುಲಾಮಗಿರಿಯ ಪ್ರಶ್ನೆ. ದೀಕ್ಷಾಸ್ನಾನ ಪಡೆದ ಗುಲಾಮ ಸ್ವತಂತ್ರನಾಗುವುದಿಲ್ಲವೆಂದು ವರ್ಜಿನಿಯಾ 1667ರಲ್ಲೇ ಕಾಯಿದೆ ಮಾಡಿತ್ತು. 1790ರ ಜನಗಣತಿಯಂತೆ ಆ ರಾಜ್ಯದ ಸುಮಾರು 7,48,000 ಜನರಲ್ಲಿ 2,92,000ಕ್ಕೂ ಹೆಚ್ಚು ಮಂದಿ ಗುಲಾಮರು. ಮನಸ್ಸನ್ನು ದೇವರು ಸ್ವತಂತ್ರವಾಗಿ ಸೃಷ್ಟಿಸಿದನೆಂದು ಬರೆದ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರ ಒಡೆಯರಾಗಿದ್ದರು. ಗುಲಾಮಗಿರಿ ನಿಸರ್ಗದತ್ತ ಹಕ್ಕುಗಳ ಹರಣವೆಂದು ಲೀಲ್ಯಾಂಡ್ ಬರೆದ ನಿರ್ಣಯವನ್ನು ವರ್ಜಿನಿಯಾದ ಬ್ಯಾಪ್ಟಿಸ್ಟರು ಮೊದಲು ಒಪ್ಪಿದರು. 1793ರಲ್ಲಿ, ಅದು ಶಾಸನಸಭೆಗೆ ಸೇರಿದ ವಿಷಯವೆಂದು ಕೈಬಿಟ್ಟರು. ನ್ಯಾಟ್ ಟರ್ನರ್ ಎಂಬ ಗುಲಾಮ ಬೋಧಕ 1831ರಲ್ಲಿ ಬಂಡಾಯ ನಡೆಸಿದ ಮೇಲೆ ವರ್ಜಿನಿಯಾ ಕರಿಯರು ಧರ್ಮಬೋಧನೆ ಮಾಡುವುದನ್ನೇ ನಿಷೇಧಿಸಿತು. ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಆಗಲೂ ಅದೇ ರಾಜ್ಯದ ಪುಸ್ತಕದಲ್ಲಿತ್ತು.

ನಂಬಿಕೆ ಮುಕ್ತವೆಂದಾದ ಮೇಲೂ, ನಂಬಿಕೆ ಆಜ್ಞಾಪಿಸಿದ ಕೃತ್ಯ ಕಾನೂನಿಗೆ ಎದುರಾದರೆ ಯಾವುದು ಮೇಲು ಎಂಬ ಪ್ರಶ್ನೆ ಹಾಗೆಯೇ ನಿಂತಿತು. ಶಸ್ತ್ರ ಹಿಡಿಯುವುದು ಪಾಪವೆಂದು ನಂಬುವವರಿಗೆ ಸೈನಿಕ ಸೇವೆಯಿಂದ ವಿನಾಯಿತಿ ಕೊಡುವ ಮಾತು 1789ರ ಮ್ಯಾಡಿಸನ್ ಅವರ ಕರಡಿನಲ್ಲಿತ್ತು. ಅಂತಿಮ ಪಠ್ಯದಲ್ಲಿ ಉಳಿಯಲಿಲ್ಲ. 1879ರಲ್ಲಿ ಮಾರ್ಮನ್ ಪಂಥದವರ ಬಹುಪತ್ನಿತ್ವದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಜೆಫರ್ಸನ್ ಅವರ ಡ್ಯಾನ್‌ಬರಿ ಪತ್ರವನ್ನೇ ಉಲ್ಲೇಖಿಸಿ, ನಂಬಿಕೆಯನ್ನು ಕಾನೂನು ಮುಟ್ಟದು, ಕೃತ್ಯವನ್ನು ಮುಟ್ಟಬಹುದು ಎಂದಿತು. ಮೂಲನಿವಾಸಿಗಳ ಪಾಲಿಗೆ ಈ ವಿಂಗಡಣೆ ದುಬಾರಿಯಾಯಿತು, ಏಕೆಂದರೆ ಅವರ ಧರ್ಮ ಬಹುಮಟ್ಟಿಗೆ ಆಚರಣೆಯಲ್ಲೇ ಇದೆ. ಅವರ ಸೂರ್ಯನೃತ್ಯದಂಥ ವಿಧಿಗಳನ್ನು 1883ರಿಂದ ಸರ್ಕಾರ ಅಪರಾಧವಾಗಿಸಿತ್ತು. 1990ರಲ್ಲಿ, ಆರಾಧನೆಯಲ್ಲಿ ಪೆಯೋಟಿ ಎಂಬ ಕಳ್ಳಿಯ ಪ್ರಸಾದ ಸೇವಿಸಿ ಕೆಲಸ ಕಳೆದುಕೊಂಡ ಇಬ್ಬರ ಮೊಕದ್ದಮೆಯಲ್ಲಿ, ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಾನೂನಿಗೆ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೇಳುವ ಸಾಂವಿಧಾನಿಕ ಹಕ್ಕಿಲ್ಲ ಎಂದು ಕೋರ್ಟ್ ತೀರ್ಪು ಕೊಟ್ಟಿತು. ಸಂಸತ್ತು 1993ರಲ್ಲಿ ಬೇರೊಂದು ಕಾಯಿದೆಯ ಮೂಲಕ ಆ ರಕ್ಷಣೆಯನ್ನು ಮರಳಿ ತರಲು ನೋಡಿತು. ರಾಜ್ಯಗಳ ಮಟ್ಟಿಗೆ ಆ ಕಾಯಿದೆ ಊರ್ಜಿತವಲ್ಲವೆಂದು ಕೋರ್ಟ್ 1997ರಲ್ಲಿ ಹೇಳಿತು. ಮೂಲನಿವಾಸಿಗಳು ಆರಾಧನೆಯಲ್ಲಿ ಪೆಯೋಟಿ ಬಳಸುವುದಕ್ಕೆ ಮಾತ್ರ 1994ರ ಕಾಯಿದೆಯೊಂದು ದೇಶದಾದ್ಯಂತ ರಕ್ಷಣೆ ಕೊಟ್ಟಿದೆ.